ಬ್ರೇಕ್ ದಿನ ಕಿಟಕಿಯಲ್ಲಿ ಕಂಡವಳು

ಪುಸ್ಸ್... ಟಕ್. ಪುಸ್ಸ್... ಟಕ್. ಕಾಲಿನಿಂದ ತುಳಿಯುವ ಸಕ್ಷನ್ ಪಂಪಿನ ಸದ್ದು ಅದು. ಉಗುಳು ನುಂಗಲಾರದ ರೋಗಿಯ ಗಂಟಲಿನಲ್ಲಿ ಕಟ್ಟಿಕೊಳ್ಳುವ ಜೊಲ್ಲನ್ನೂ ಕಫವನ್ನೂ ಎಳೆದು ತೆಗೆಯುವ ಯಂತ್ರ. ಈಗಿನ ಹುಡುಗಿಯರು ಸ್ವಿಚ್ ಒತ್ತಿದರೆ ಸಾಕು. ನಮ್ಮ ಕಾಲದಲ್ಲಿ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲಲ್ಲಿ ಪೆಡಲ್ ತುಳಿಯುತ್ತ, ಕೈಯಲ್ಲಿ ರಬ್ಬರ್ ಟ್ಯೂಬನ್ನು ರೋಗಿಯ ಬಾಯೊಳಗೆ ಬಿಡಬೇಕಿತ್ತು. ಇಷ್ಟು ವರ್ಷವಾದ ಮೇಲೂ ಬೀದಿಯಲ್ಲಿ ಯಾರಾದರೂ ಸೈಕಲ್ಲಿಗೆ ಗಾಳಿ ಹೊಡೆದರೆ ನನ್ನ ಬಲಗಾಲು ತಾನಾಗಿಯೇ ಅಲುಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಹಾಸ್ಟೆಲ್ಲಿನಲ್ಲಿ ಯಾವಳಾದರೂ ದೆವ್ವದ ಕಥೆ ಶುರುಮಾಡಿದರೆ ನಮ್ಮ ಮದರ್ "ನಾನ್ಸೆನ್ಸ್! ಹೋಗಿ ಮುಖ ತೊಳ್ಕೊಳ್ಳಿ" ಎನ್ನುತ್ತಿದ್ದರು. ಮುಖ ತೊಳೆದರೆ ಹೋಗದ ದೆವ್ವ ಪ್ರಪಂಚದಲ್ಲಿ ಇಲ್ಲ ಅಂತಲೇ ನಾನೂ ತಿಳಿದಿದ್ದೆ. ನರ್ಸಿಂಗಿಗೆ ಸೇರಿದ ಮೇಲಂತೂ ಕೇಳುವುದೇ ಬೇಡ. ಎಷ್ಟು ಜನರ ಕಣ್ಣು ಮುಚ್ಚಿಸಿ, ಕೈ ತೊಳೆದು, ಅದೇ ಕಾರಿಡಾರಿನಲ್ಲಿ ಟಿಫಿನ್ ಬಾಕ್ಸ್ ಬಿಚ್ಚಿ ಉಂಡಿದ್ದೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನಾದರೂ ನಗುತ್ತಿದ್ದೆ.

ಎಪ್ಪತ್ತರ ದಶಕದ ಕೊನೆ. ಮಧುಗಿರಿಯ ಅಂಚಿನಲ್ಲಿದ್ದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಟೆಂಪರರಿ ನರ್ಸ್. ಆ ಆಸ್ಪತ್ರೆ ಈಗಿಲ್ಲ, ಹೆಸರು ಬೇಡ. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದಿದ್ದ ಡಾಕ್ಟರು ಹಳೇ ಸ್ಟೋರ್ ರೂಮಿಗೆ ಸುಣ್ಣ ಹೊಡೆಸಿ, ಬಾಗಿಲ ಮೇಲೆ "ಇಂಟೆನ್ಸಿವ್ ಕೇರ್" ಅಂತ ಬೋರ್ಡು ಬರೆಸಿದ್ದರು. ಒಳಗೆ ಎರಡು ಮಂಚ, ಒಂದು ಆಕ್ಸಿಜನ್ ಸಿಲಿಂಡರ್, ಆ ಕಾಲು ಪಂಪು, ಮತ್ತೆ ನಾನು. ನಮ್ಮ ಕಡೆಗೆ ಆ ಕಾಲಕ್ಕೆ ಅದೇ ದೊಡ್ಡದು. ಸಿರಾ, ಕೊರಟಗೆರೆ, ಪಾವಗಡದಿಂದಲೂ ಸೀರಿಯಸ್ ಆದವರನ್ನು ಅಲ್ಲಿಗೇ ಹೊತ್ತು ತರುತ್ತಿದ್ದರು.

ಟೆಂಪರರಿ ಅಂದೆನಲ್ಲ, ಅದರ ಒಂದು ಪದ್ಧತಿ ಹೇಳಬೇಕು. ಎಡೆಬಿಡದೆ ಕೆಲಸ ಮಾಡಿದವರು ನಾಳೆ ಪರ್ಮನೆಂಟ್ ಮಾಡಿ ಅಂತ ಕೇಳುತ್ತಾರೆಂದು, ಮೂರು ತಿಂಗಳಿಗೊಮ್ಮೆ ನಮ್ಮನ್ನು ಕೆಲಸದಿಂದ ತೆಗೆದು, ಒಂದು ದಿನ ಬಿಟ್ಟು ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಅದಕ್ಕೆ "ಬ್ರೇಕ್" ಅನ್ನುತ್ತಿದ್ದೆವು. ಆ ದಿನ ಆಸ್ಪತ್ರೆಯ ಕಾಂಪೌಂಡಿನೊಳಗೆ ಕಾಲಿಡುವ ಹಾಗಿಲ್ಲ. ಯಾರಾದರೂ ಕಂಡರೆ ಮುಂದಿನ ಆರ್ಡರ್ ಬರುವುದಿಲ್ಲ. ನಮ್ಮ ಆಯಾ ಫಾತಿಮಾಬೀ, ಸಿರಾದವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳು ಪ್ರತಿ ಸಲವೂ ನನ್ನನ್ನು ಗೇಲಿ ಮಾಡುತ್ತಿದ್ದಳು: "ಅರೆ ಸಿಸ್ಟರಮ್ಮ, ಇವತ್ತು ನೀವು ಇಲ್ಲ ಅಂತ ಲೆಕ್ಕ. ಎದುರಿಗೆ ಬಂದ್ರೂ ನಾನು ನೋಡಂಗಿಲ್ಲ, ಸಲಾಂ ಹೊಡೆಯಂಗಿಲ್ಲ!"

ಅವರೆಕಾಯಿ ಕಾಲ. ಮಿಡಿಗೇಶಿ ಕಡೆಯ ಒಂದು ಹಟ್ಟಿಯಿಂದ ಚಿತ್ತಮ್ಮ ಅನ್ನುವ ಬಾಣಂತಿಯನ್ನು ಎತ್ತಿನ ಗಾಡಿಯಲ್ಲಿ ತಂದರು. ಕುರಿ ಸಾಕುವ ಜನ. ಗಂಡ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ, ಸುದ್ದಿ ಮುಟ್ಟಿಸಲೂ ಆಗಿರಲಿಲ್ಲ. ಹಿಮ್ಮಡಿಗೆ ಚುಚ್ಚಿದ ಜಾಲಿ ಮುಳ್ಳು ಒಳಗೇ ಮುರಿದಿತ್ತು. ದವಡೆ ಕಚ್ಚಿಕೊಂಡಿತ್ತು, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಟೆಟನಸ್. ಆ ಕಾಯಿಲೆಯಲ್ಲಿ ಮುಖದ ನರಗಳು ಸೆಟೆದುಕೊಂಡು ರೋಗಿ ನಗುತ್ತಿರುವ ಹಾಗೆ ಕಾಣುತ್ತದೆ. ಒಳಗೆ ಪ್ರಾಣ ಹೋಗುತ್ತಿರುತ್ತದೆ, ಹೊರಗೆ ಹಲ್ಲು ಕಿರಿದ ನಗು. ನನಗೆ ಎಲ್ಲ ಕಾಯಿಲೆ ಅಭ್ಯಾಸವಾಗಿತ್ತು, ಆ ನಗು ಮಾತ್ರ ಕೊನೆಯವರೆಗೂ ಅಭ್ಯಾಸವಾಗಲಿಲ್ಲ.

ಅಂಥ ರೋಗಿಗೆ ಬೆಳಕು ಆಗದು, ಸದ್ದು ಆಗದು. ಒಂದು ಸ್ಟೀಲ್ ಲೋಟ ಬಿದ್ದರೂ ಸಾಕು, ಮೈಯೆಲ್ಲ ಸೆಳೆತ ಬಂದು ಉಸಿರು ಕಟ್ಟುತ್ತದೆ. ಕಿಟಕಿಗೆ ಕಟ್ಟಲು ದಪ್ಪನೆಯ ಬಟ್ಟೆ ಹುಡುಕುತ್ತಿದ್ದಾಗ ಚಿತ್ತಮ್ಮನ ಅತ್ತೆ ಈರಜ್ಜಿ ತಾನು ಹೊದ್ದಿದ್ದ ಕರೀ ಕಂಬಳಿಯನ್ನೇ ತೆಗೆದು ನೆಲದ ಮೇಲಿಟ್ಟು, ಹಿಂದೆ ಸರಿದು ನಿಂತಳು. ಕೈಗೆ ಕೊಡಲಿಲ್ಲ. ಚಿತ್ತಮ್ಮನನ್ನು ಮುಟ್ಟಿದ್ದ ನನ್ನ ಕೈಗೆ ಅವಳ ಕೈ ತಾಗಬಾರದು. ಅವರ ಹಟ್ಟಿಯಲ್ಲಿ ಹೆತ್ತ ಹೆಂಗಸೂ ಮಗುವೂ ಸೂತಕ ಕಳೆಯುವ ತನಕ ಊರಾಚೆಯ ಗುಡ್ಲಿನಲ್ಲೇ ಇರಬೇಕು, ಮನೆಯವರು ಮುಟ್ಟುವ ಹಾಗಿಲ್ಲ. ಆಸ್ಪತ್ರೆಗೆ ಬಂದರೂ ಆ ಕಟ್ಟು ಅವಳ ಜೊತೆಗೇ ಬಂದಿತ್ತು.

ಕೆಟ್ಟ ಮುದುಕಿ ಅಂದುಕೊಳ್ಳಬೇಡಿ. ಹಗಲೆಲ್ಲ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದಳು. ಆಗಾಗ ಕಿಟಕಿಯ ಹತ್ತಿರ ಬಂದು ಪಿಸುಗುಟ್ಟುತ್ತಿದ್ದಳು: "ಉಸ್ರು ಆಡ್ತೈತೇನಮ್ಮ?" ಆಡ್ತಾ ಇದೆ ಅಂದರೆ ಹೋಗಿ ಮತ್ತೆ ಕೂರುತ್ತಿದ್ದಳು. "ಒಳಗೆ ಬಾ ಅಜ್ಜಿ, ಒಂದ್ಸಲ ಕೈ ಹಿಡ್ಕೋ, ಧೈರ್ಯ ಬರುತ್ತೆ ಅವಳಿಗೆ" ಅಂದರೆ ತಲೆ ಆಡಿಸುವಳು. "ಮುಟ್ಟಂಗಿಲ್ಲ ಕಣಮ್ಮ. ದ್ಯಾವ್ರು ಸುಮ್ಕಿರಲ್ಲ. ನನ್ನ ಮ್ಯಾಗೆ ಸಿಟ್ಟಾದ್ರೆ ಆಗ್ಲಿ ಬುಡು, ಮಗೀನ ಮ್ಯಾಗೆ ಆದ್ರೆ?"

ಮಗು ಹಟ್ಟಿಯಾಚೆಯ ಗುಡ್ಲಿನಲ್ಲೇ ಇತ್ತು. ಹೆಣ್ಣು ಕೂಸು. ಒಬ್ಬ ಮುದುಕಿ ಬಟ್ಟೆಯ ಬತ್ತಿಯಲ್ಲಿ ಮೇಕೆ ಹಾಲು ಹಿಂಡಿ ಸಾಕುತ್ತಿದ್ದಳಂತೆ. ಚಿತ್ತಮ್ಮನಿಗೆ ಪೂರ್ತಿ ಎಚ್ಚರವಿತ್ತು, ಟೆಟನಸ್ಸಿನ ಕ್ರೂರತನವೇ ಅದು. ಕಚ್ಚಿಕೊಂಡ ಹಲ್ಲುಗಳ ಸಂದಿಯಿಂದ ಅವಳು ಕೇಳುತ್ತಿದ್ದುದು ಒಂದೇ. "ಅಕ್ಕ... ಮಗ..." ಎದೆ ಕಟ್ಟಿ ಹಾಲು ಸೋರಿ ಸೀರೆ ನೆನೆಯುತ್ತಿತ್ತು. ನಾನು ಬಟ್ಟೆ ಬದಲಿಸುತ್ತ ಕಿವಿಯಲ್ಲಿ ಹೇಳುತ್ತಿದ್ದೆ: "ನೀನು ಮೊದಲು ಹುಷಾರಾಗು. ಆಮೇಲೆ." ಮಗುವನ್ನು ತರಿಸುತ್ತೇನೆ ಅಂತ ಸಮಾಧಾನಕ್ಕೂ ಹೇಳಲಿಲ್ಲ. ಕೂಸು ಒಂದು ಸಲ ಕಿರುಚಿದರೆ ಅವಳ ಗತಿ ಏನು ಅಂತ ನನಗೆ ಗೊತ್ತಿತ್ತು. ಇದನ್ನು ನೀವು ನೆನಪಿಡಬೇಕು. ಆ ಮಾತು ನನ್ನ ಬಾಯಲ್ಲಿ ಬರುವುದು ಸಾಧ್ಯವೇ ಇರಲಿಲ್ಲ.

ಕೆಲವು ದಿನ ಹೀಗೇ ಎಳೆದಾಡಿತು. ಸೆಳೆತಗಳ ನಡುವಿನ ಅಂತರ ಸ್ವಲ್ಪ ಹೆಚ್ಚಾಗಿತ್ತು. ಡಾಕ್ಟರು ಮೊದಲ ಸಲ "ಶಿ ಹ್ಯಾಸ್ ಅ ಚಾನ್ಸ್" ಅಂದರು. ಅಷ್ಟು ಹೊತ್ತಿಗೆ ನನ್ನ ಬ್ರೇಕ್ ಬಂತು. ನಾನು ಡಾಕ್ಟರನ್ನು ಬೇಡಿಕೊಂಡೆ. ಸಹಿ ಹಾಕುವುದಿಲ್ಲ, ಸಂಬಳ ಬೇಡ, ಸುಮ್ಮನೆ ರೂಮಿನಲ್ಲಿ ಕೂತಿರುತ್ತೇನೆ ಅಂದೆ. ಅವರೂ ಟ್ರಸ್ಟಿಗೆ ಹೆದರುವವರೇ. "ಡೋಂಟ್ ಬಿ ಸೆಂಟಿಮೆಂಟಲ್, ಸಿಸ್ಟರ್. ಒಂದು ದಿನ ಜನರಲ್ ವಾರ್ಡಿನ ಸುಶೀಲಾ ನೋಡಿಕೊಳ್ಳುತ್ತಾರೆ" ಅಂದರು. ಅವರೇ ನಿಂತು ನನ್ನನ್ನು ಗೇಟು ದಾಟಿಸಿದರು.

ನಾನು ಕೊರಟಗೆರೆಗೆ ಅಕ್ಕನ ಮನೆಗೆ ಹೋದೆ. ಬಸ್ಸಿನಲ್ಲಿ ಯಾರದೋ ಎಣ್ಣೆ ಡಬ್ಬಿ ಚೆಲ್ಲಿ ನನ್ನ ಬಿಳೀ ಸೀರೆ ಹಾಳಾಯಿತು. ಅಕ್ಕ ಅದನ್ನು ಸೋಪಿನಲ್ಲಿ ನೆನೆಹಾಕಿ, ಆಗಷ್ಟೇ ಕೊಂಡಿದ್ದ ತನ್ನ ನೇರಳೆ ಬಣ್ಣದ, ಹಳದಿ ಅಂಚಿನ ಸೀರೆ ಕೊಟ್ಟಳು. ಅದರ ಮಡಿಕೆಯನ್ನೂ ಅವಳಿನ್ನೂ ಬಿಚ್ಚಿರಲಿಲ್ಲ. ಉಟ್ಟುಕೊಂಡು, ಊಟ ಮಾಡಿ, ನಡುಮನೆಯಲ್ಲಿ ಚಾಪೆಯ ಮೇಲೆ ಅಡ್ಡಾದೆ. ಹಗಲು ಮಲಗುವ ಅಭ್ಯಾಸ ನನಗಿಲ್ಲ. ಆವತ್ತು ಮಾತ್ರ ಯಾರೋ ಒತ್ತಿ ಹಿಡಿದ ಹಾಗೆ ನಿದ್ದೆ ಬಂತು. ಅಕ್ಕ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. "ಏನೇ ಇದು, ಹೆಣ ಬಿದ್ದ ಹಾಗೆ ಬಿದ್ದಿದ್ದೀಯ! ಎರಡು ಸಲ ಅಲ್ಲಾಡಿಸಿದೆ, ಮಿಸುಕಲಿಲ್ಲ" ಅಂತ ಬೈದಳು. ನನ್ನ ಬಲಗಾಲು ಜೋಮು ಹಿಡಿದು ನೋಯುತ್ತಿತ್ತು. ಅದನ್ನು ನಾನು ಆಗ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಒಣಗಿದ್ದ ಬಿಳೀ ಸೀರೆ ಉಟ್ಟು ಮೊದಲ ಬಸ್ಸಿಗೆ ಮಧುಗಿರಿಗೆ ಬಂದೆ. ನೇರಳೆ ಸೀರೆ ಅಕ್ಕನ ಮನೆಯಲ್ಲೇ ಉಳಿಯಿತು.

ಗೇಟಿನಲ್ಲೇ ಸುಶೀಲಾ ಸಿಸ್ಟರ್ ಸಿಕ್ಕರು. ಕಣ್ಣು ಕೆಂಪಗಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಒಂದು ಲಾರಿ ಉರುಳಿ, ಮದುವೆ ದಿಬ್ಬಣದವರನ್ನೆಲ್ಲ ಒಟ್ಟಿಗೇ ತಂದು ಹಾಕಿದ್ದರಂತೆ. "ಸಾರಿ ಕಣೇ, ಮಧ್ಯಾಹ್ನದಿಂದ ಸಂಜೆ ತನಕ ನಿನ್ನ ಪೇಷೆಂಟ್ ಹತ್ತಿರ ನಾನು ಒಂದ್ಸಲವೂ ಹೋಗೋಕಾಗಲಿಲ್ಲ. ಸತ್ತೇ ಹೋಗಿರ್ತಾಳೆ ಅಂತ ಹೆದರಿ ಹೆದರಿ ಬಾಗಿಲು ತೆಗೆದೆ. ನೋಡಿದರೆ ಆರಾಮಾಗಿ ಮಲಗಿದ್ದಾಳೆ!"

ನಾನು ಓಡಿದೆ. ಚಿತ್ತಮ್ಮ ನಿಜಕ್ಕೂ ಮೊದಲಿಗಿಂತ ಸಡಿಲವಾಗಿದ್ದಳು. ಗಂಟಲು ಸ್ವಚ್ಛವಾಗಿತ್ತು. ಯಾರೂ ಸಕ್ಷನ್ ಮಾಡದೆ ಅಷ್ಟು ಹೊತ್ತು ಅವಳು ಬದುಕಿರಲು ಸಾಧ್ಯವೇ ಇಲ್ಲ. ಪಂಪಿನ ಬಾಟಲಿಯನ್ನು ತೊಳೆದು, ಟ್ಯೂಬನ್ನು ಸುತ್ತಿ, ಟ್ರೇಯಲ್ಲಿ ಬೋರಲು ಹಾಕಿತ್ತು. ಸುಶೀಲಾ ಟ್ಯೂಬನ್ನು ಮೊಳೆಗೆ ನೇತುಹಾಕುತ್ತಿದ್ದರು. ಸುತ್ತಿ ಬೋರಲು ಹಾಕುತ್ತಿದ್ದವಳು ನಾನೊಬ್ಬಳೇ. ಕಿಟಕಿಯ ಕಂಬಳಿಯ ಒಂದು ಮೂಲೆ ಸರಿದಿತ್ತು.

ಫಾತಿಮಾಬೀ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ದನಿ ಇಳಿಸಿ ಅಂದಳು: "ನೆನ್ನೆ ಕದ್ದು ಬಂದಿದ್ರಲ್ಲ, ನಾನು ಯಾರಿಗೂ ಹೇಳಿಲ್ಲ. ಅಲ್ಲಾ ಕಸಂ. ಆದ್ರೂ ಸಿಸ್ಟರಮ್ಮ, ಬರೋದು ಬಂದ್ರಿ, ಅಷ್ಟು ಝಗಮಗ ನೇರಳೆ ಸೀರೆ ಯಾಕೆ? ಯಾರ ಶಾದಿ ಇತ್ತು?"

ಏನು ಕಂಡೆ ಅಂತ ಕೇಳಿದೆ. ಅವಳು ನನ್ನ ಮುಖ ನೋಡಿರಲಿಲ್ಲ. ಬಾಗಿಲ ಸಂದಿಯಿಂದ ಬೆನ್ನು ನೋಡಿದ್ದಳು, ಜಡೆ ನೋಡಿದ್ದಳು, ಪಂಪಿನ ಸದ್ದು ಕೇಳಿದ್ದಳು. ನಾನು ಇಲ್ಲ ಅಂತ ಲೆಕ್ಕವಾದ್ದರಿಂದ ಮಾತಾಡಿಸದೆ ಹೋಗಿದ್ದಳು.

ಚಿತ್ತಮ್ಮನ ಹತ್ತಿರ ಬಗ್ಗಿದೆ. ಅವಳ ಕಣ್ಣು ನನ್ನ ಮೇಲೇ ಇತ್ತು. ಹಲ್ಲಿನ ಸಂದಿಯಿಂದ ಬಂದ ಮಾತು ಹಿಂದಿನ ದಿನಗಳಿಗಿಂತ ಸ್ಪಷ್ಟವಾಗಿತ್ತು: "ಮಗ... ತರುಸ್ತೀನಿ ಅಂದ್ಯಲ್ಲಕ್ಕ. ಏಟೊತ್ತಿಗೆ?"

ನಾನು ಎಂದೂ ಹೇಳದ ಮಾತು. ನಾನಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ಆ ಮಾತನ್ನು ಹಿಡಿದುಕೊಂಡೇ ಅವಳು ಒಂದು ದಿನ ಹೆಚ್ಚು ಬದುಕಿದ್ದಳು. "ಸುಮ್ಮನೆ ಮಲಗು" ಅಂದೆ. ಈರಜ್ಜಿಯನ್ನು ಕೇಳೋಣ ಅಂತ ಹೊರಗೆ ಹೋದರೆ ಹೊಂಗೆ ಮರದ ಕೆಳಗೆ ಅವಳಿರಲಿಲ್ಲ.

ಬಿಸಿಲೇರಿದ ಮೇಲೆ ಬಂದಳು. ಕಾಲೆಲ್ಲ ಧೂಳು. ಸೀರೆಯ ಸೆರಗಿನೊಳಗೆ, ಎದೆಗೆ ಒತ್ತಿಕೊಂಡು, ಕೂಸು ನಿದ್ದೆ ಮಾಡುತ್ತಿತ್ತು. ಹಿಂದಿನ ಸಂಜೆ ಹಟ್ಟಿಗೆ ಹೋಗಿ, ಗುಡ್ಲಿಗೆ ನುಗ್ಗಿ, ಎಲ್ಲರೂ ಕೂಗುತ್ತಿದ್ದರೂ ಮಗುವನ್ನು ಎತ್ತಿಕೊಂಡು, ಸೂತಕದ ಕೂಸನ್ನು ಬಸ್ಸಿನಲ್ಲಿ ತರಬಾರದೆಂದು ಮಿಡಿಗೇಶಿಯಿಂದ ನಡೆದೇ ಬಂದಿದ್ದಳು.

"ಮುಟ್ಬುಟ್ಟೆ ಕಣಮ್ಮ" ಅಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಇಷ್ಟು ವಯಸ್ಸಾತು, ಕಟ್ಟು ಮೀರಿದೋಳಲ್ಲ. ನೀನು ಕಿಟಕೀಲಿ ಕಂಬ್ಳಿ ಸರ್ಸಿ, 'ಮಗೀನ ತತ್ತಾ ಅಜ್ಜಿ, ತಡ ಮಾಡಬ್ಯಾಡ' ಅಂದ್ಯಲ್ಲ. ನಿನ್ ಮಖ ನೋಡ್ದೆ. ಅಂಗೆ ಕರುದ್ರೆ ಹೆಂಗಮ್ಮ ಸುಮ್ಕಿರಾದು?"

"ಅಜ್ಜಿ, ನೆನ್ನೆ ನಾನು ಊರಲ್ಲೇ ಇರಲಿಲ್ಲ."

ಅವಳು ನನ್ನನ್ನು ನೋಡಿದ ಬಗೆ ನನಗೆ ಮರೆತಿಲ್ಲ. ಡಾಕ್ಟರಿಗೆ ಹೆದರಿ ಮಾತು ತಪ್ಪುತ್ತಿದ್ದಾಳೆ ಅಂದುಕೊಂಡಳು. "ಆತು ಬುಡು. ನಿನ್ ಕಷ್ಟ ನಿಂಗೆ" ಅಂದಳು, ಮೆತ್ತಗೆ, ಮಗಳಿಗೆ ಹೇಳುವ ಹಾಗೆ.

ಮಗುವನ್ನು ಒಳಗೆ ಬಿಡುವ ಹಾಗಿಲ್ಲ, ಅತ್ತರೆ ಸೆಳೆತ ಬರುತ್ತೆ, ಇಲ್ಲೇ ಕೂತಿರು, ಡಾಕ್ಟರು ಬರಲಿ ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ. ಸರಿ ಅಂತ ತಲೆಯಾಡಿಸಿದಳು. ನಾನು ರೂಮಿಗೆ ಮರಳಿ ಬಾಗಿಲು ಹಾಕುವಷ್ಟರಲ್ಲಿ ಕಿಟಕಿಯ ಕಂಬಳಿ ಪಕ್ಕಕ್ಕೆ ಸರಿಯಿತು. ಹಿಂದಿನ ದಿನ ಎಲ್ಲಿಂದ ಕರೆ ಬಂದಿತ್ತೋ ಅಲ್ಲಿಗೇ ಅವಳು ಬಂದಿದ್ದಳು. ಸರಳುಗಳ ಆಚೆ ಎರಡು ಕೈ ಮೇಲೆತ್ತಿ ಕೂಸನ್ನು ಹಿಡಿದಿದ್ದಳು.

ಚಿತ್ತಮ್ಮ ನೋಡಿದಳು. ಬೆಳಕು ಮುಖದ ಮೇಲೆ ಬಿದ್ದರೂ ಸೆಳೆತ ಬರಲಿಲ್ಲ. ಅವಳು ನಕ್ಕಳೇ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಏನು ಹೇಳಲಿ? ಆ ಮುಖದಲ್ಲಿ ನಗು ಮೊದಲೇ ಇತ್ತು, ಕಾಯಿಲೆಯದು. ಅದರೊಳಗೆ ಅವಳ ಸ್ವಂತ ನಗು ಇತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಅಷ್ಟು ಕಂಡೆ.

ಬಿಸಿಲಿಗೆ ಕೂಸಿಗೆ ಎಚ್ಚರವಾಯಿತು. ಒಂದೇ ಸಲ ಅತ್ತಿತು. ಆರೋಗ್ಯವಂತ ಕೂಸಿನ, ಹಸಿದ ಕೂಸಿನ, ಗಟ್ಟಿ ಅಳು.

ಮಂಚ ಅದುರುವಂಥ ಸೆಳೆತ. ನಾನು ಪಂಪು ತುಳಿದೆ, ಆಕ್ಸಿಜನ್ ಹೆಚ್ಚಿಸಿದೆ, ಡಾಕ್ಟರೇ ಎಂದು ಕೂಗಿದೆ. ಅವರು ಓಡಿ ಬಂದರು, ಸೆಳೆತ ಬಿಡಿಸುವ ಡಯಾಜೆಪಾಮ್ ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು. ಬಿಗಿದ ಎದೆ ಬಿಡಲೇ ಇಲ್ಲ. ಎಲ್ಲ ಮುಗಿದ ಮೇಲೆ ಅದು ತಾನಾಗಿ ಸಡಿಲವಾಯಿತು, ಮುಖವೂ ಸಡಿಲವಾಯಿತು. ಅವಳು ಎಂಥ ಎಳೆ ಹುಡುಗಿ ಅಂತ ನನಗೆ ಆಗಲೇ ಕಂಡದ್ದು.

ಡಾಕ್ಟರು ಯಾರನ್ನೂ ಬೈಯಲಿಲ್ಲ. ಸಂಜೆ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದರು. ಮುದುಕಿ ನಿದ್ದೆಗೆಟ್ಟು ಬಿಸಿಲಲ್ಲಿ ಕೂತವಳು, ಮನಸ್ಸಿಗೆ ಬೇಕಾದ್ದು ಕಣ್ಣಿಗೆ ಕಂಡಿದೆ. ಚಿತ್ತಮ್ಮ ಮತ್ತಿನ ಔಷಧಿಯಲ್ಲಿದ್ದಳು, ಅದು ಹ್ಯಾಲ್ಯೂಸಿನೇಷನ್. ಫಾತಿಮಾಬೀ ದಿಬ್ಬಣದ ಹೆಂಗಸರಲ್ಲಿ ಯಾರನ್ನೋ ನೋಡಿರಬೇಕು. ದಿಬ್ಬಣದವರೆಲ್ಲ ಒಳ್ಳೆ ಸೀರೆಯಲ್ಲೇ ಇದ್ದರಲ್ಲ. ಕೇಳುತ್ತಿದ್ದಾಗ ಎಲ್ಲ ಸರಿಯೆನಿಸಿತು. ಹಾಗಾದರೆ ಪಂಪು ತುಳಿದವರು ಯಾರು ಅಂದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಯು ನೀಡ್ ರೆಸ್ಟ್, ಸಿಸ್ಟರ್" ಅಂದರು.

ಅಕ್ಕನನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ನೀನು ಹೊಸ್ತಿಲೂ ದಾಟಲಿಲ್ಲ ಕಣೇ" ಅಂತ ಕೊನೆಯವರೆಗೂ ಅದನ್ನೇ ಹೇಳಿದಳು. ಆ ಸೀರೆಯನ್ನು ಅವಳು ಎಂದೂ ಉಡಲಿಲ್ಲ, ನನಗೂ ಕೊಡಲಿಲ್ಲ, ಏನು ಮಾಡಿದಳು ಅಂತ ಹೇಳಲೂ ಇಲ್ಲ.

ಅಲ್ಲಿಗೆ ಬಂದವರು ಯಾರೋ ನನಗೆ ತಿಳಿಯದು. ಯಾಕೆ ಬಂದರು ಅನ್ನುವುದೇ ನನ್ನನ್ನು ಹೆಚ್ಚು ಕಾಡುತ್ತದೆ. ಗಂಟಲು ಸ್ವಚ್ಛ ಮಾಡಿ ಉಳಿಸಿದ ಕೈಯೇ ಕಂಬಳಿ ಸರಿಸಿ ಮಗುವನ್ನು ಕರೆಸಿತು. ಉಳಿಸಲು ಬಂದದ್ದಾದರೆ ಹಾಗೇಕೆ ಮಾಡಿತು? ಕೊಲ್ಲಲು ಬಂದದ್ದಾದರೆ ಮಧ್ಯಾಹ್ನವೆಲ್ಲ ಪಂಪು ತುಳಿಯುತ್ತ ಯಾಕೆ ನಿಂತಿತು? ಮದರ್ ಕಲಿಸಿದ ಪ್ರಾರ್ಥನೆಗಳಲ್ಲಿ ಇದಕ್ಕೆ ಹೊಂದುವುದು ಒಂದೂ ನನಗೆ ಸಿಗಲಿಲ್ಲ. ಕ್ರಮೇಣ ಪ್ರಾರ್ಥನೆಯೇ ನಿಂತುಹೋಯಿತು.

ಎಂಬತ್ತರ ದಶಕದ ನಡುವೆ ಒಂದು ದಿನ, ಸಿರಾ ಬಸ್ ಸ್ಟ್ಯಾಂಡಿನಲ್ಲಿ ಈರಜ್ಜಿ ಸಿಕ್ಕಿದಳು. ಬೆನ್ನು ಬಾಗಿತ್ತು. ಜೊತೆಗೆ ಎರಡು ಜಡೆಯ ಹುಡುಗಿ, ಕಾಲಲ್ಲಿ ಚಪ್ಪಲಿಯಿತ್ತು. ಅಜ್ಜಿ ನನ್ನನ್ನು ತಕ್ಷಣ ಗುರುತಿಸಿದಳು. "ಲೇ ಬಾರೇ, ಕಾಲು ಮುಟ್ಟು. ಇವ್ರೇ ಕಣೇ ನಿಮ್ಮವ್ವುಂಗೆ ನಿನ್ನ ತೋರ್ಸಿದ್ ನರ್ಸಮ್ಮ." ಹುಡುಗಿ ಬಗ್ಗಿ ಮುಟ್ಟಿದಳು. ನಾನು ಕಾಲು ಹಿಂದೆ ತೆಗೆಯುವಷ್ಟರಲ್ಲಿ ಮುಟ್ಟಿ ಆಗಿತ್ತು. ಆಮೇಲೆ ಅವಳು ಕಡ್ಲೆಕಾಯಿ ಗಾಡಿಯ ಕಡೆ ಓಡಿದಳು.

ಅಜ್ಜಿ ನನ್ನ ಹತ್ತಿರ ಸರಿದಳು. ಈ ಸಲ ನನ್ನ ಕೈಯನ್ನು ಹಿಡಿದುಕೊಂಡಳು.

"ಒಂದು ಮಾತು ಕೇಳ್ತೀನಿ, ನಿಜ ಏಳು. ಅವತ್ತು ನೀನು ಕರೀದೆ ಇದ್ದಿದ್ರೆ, ನಾನು ಮಗೀನ ತರದೆ ಇದ್ದಿದ್ರೆ, ಚಿತ್ತಿ ಉಳ್ಕಂತಿದ್ಲೇನಮ್ಮ?"

ಕರೆದವಳು ನಾನಲ್ಲ ಅಂದರೆ, ಆ ಮುದುಕಿ ತಾನೊಬ್ಬಳೇ ಮಗುವನ್ನು ತಂದು ಸೊಸೆಯನ್ನು ಕೊಂದೆ ಅಂದುಕೊಂಡು ಹೋಗುತ್ತಾಳೆ. ನಾನೇ ಕರೆದೆ ಅನ್ನಲು ನಾಲಗೆ ಏಳಲಿಲ್ಲ. ಚಾನ್ಸ್ ಇತ್ತು ಅಂತ ಡಾಕ್ಟರು ಅಂದದ್ದು ನನಗೆ ಗೊತ್ತಿತ್ತು. ಹೇಗೂ ಉಳಿಯುತ್ತಿರಲಿಲ್ಲ ಬಿಡಜ್ಜಿ ಅನ್ನಬಹುದಿತ್ತು, ನರ್ಸುಗಳು ಅಂಥ ಸುಳ್ಳನ್ನು ಸಲೀಸಾಗಿ ಹೇಳುತ್ತೇವೆ. ಆವತ್ತು ಅದೂ ಬರಲಿಲ್ಲ.

ಮಧುಗಿರಿಯ ಬಸ್ಸು ಬಂತು. ಅವಳು ಕೈ ಬಿಡಲಿಲ್ಲ. ಜನ ನುಗ್ಗಿ ಹತ್ತುತ್ತಿದ್ದರು, ಹುಡುಗಿ ಓಡಿ ಬಂದು ಸೆರಗು ಜಗ್ಗುತ್ತಿದ್ದಳು. ಕೊನೆಗೆ ಕೈ ಬಿಟ್ಟು, ಹುಡುಗಿಯನ್ನು ಮೊದಲು ಹತ್ತಿಸಿ, ತಾನು ಕಂಬಿ ಹಿಡಿದು ಮೆಟ್ಟಿಲ ಮೇಲೆ ನಿಂತಳು. ಒಳಗೆ ಹೋಗದೆ ನನ್ನ ಕಡೆ ತಿರುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. "ಒಳಿಕ್ ಹೋಗಜ್ಜಿ, ಬಾಗ್ಲು ಹಾಕ್ಬೇಕು" ಅಂತ ಕಂಡಕ್ಟರ್ ಗದರಿದ. ಅವಳು ಹೋಗಲಿಲ್ಲ. ಬಸ್ಸು ತಿರುವು ದಾಟುವ ತನಕ ಅಲ್ಲೇ ನಿಂತು ನೋಡುತ್ತಲೇ ಇದ್ದಳು. ಆಮೇಲೆ ಅವಳನ್ನು ನಾನು ಎಲ್ಲಿಯೂ ಕಾಣಲಿಲ್ಲ.